ಘಟಿಕೋತ್ಸವ ಮತ್ತು ಸಾರ್ವಜನಿಕ ಉಪನ್ಯಾಸ: ಒಂದರೊಳಗೆ ಇನ್ನೊಂದನ್ನು ತುರುಕದಿರುವ ಬಗೆ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕಿ. ದತ್ತಿ ಉಪನ್ಯಾಸಗಳು, ಹೊಸ ಪ್ರಾಧ್ಯಾಪಕರ ಪ್ರಥಮ ಉಪನ್ಯಾಸ ಮತ್ತು ಘಟಿಕೋತ್ಸವ, ಇವುಗಳ ಸಿದ್ಧತೆಯ ಹೊಣೆಯನ್ನು ಈ ವರ್ಷದಿಂದ ನನಗೆ ವಹಿಸಿದ್ದಾರೆ. ಉಪನ್ಯಾಸಕ್ಕೆ ಜನ ಬರುವುದಿಲ್ಲವೆಂದು ತರಗತಿಗಳನ್ನು ಬಿಡಿಸಿ ವಿದ್ಯಾರ್ಥಿಗಳನ್ನು ಕರೆತಂದು ಕೂರಿಸುವ ರೂಢಿ ನಮ್ಮಲ್ಲಿದೆ. ಒಳ್ಳೊಳ್ಳೆಯ ಉಪನ್ಯಾಸಗಳು ಅಂತರ್ಜಾಲದಲ್ಲೇ ಸಿಗುವಾಗ ಇವೆಲ್ಲ ನಿಜಕ್ಕೂ ಬೇಕೇ? ನಿಲುವಂಗಿ, ಮೆರವಣಿಗೆ ಮುಂತಾದವು ಬರೀ ಆಡಂಬರವೇ? ಬೇಕೆಂದಾದರೆ, ಅರ್ಥವಿರುವಂತೆ ಇವನ್ನು ನಡೆಸುವುದು ಹೇಗೆ?

ಉತ್ತರ: ನಿಮಗೆ ಒಪ್ಪಿಸಿರುವ ಹೊಣೆಯಲ್ಲಿ ಸ್ವಭಾವದಲ್ಲೇ ಬೇರೆಯಾದ ಎರಡು ಕೆಲಸಗಳು ಸೇರಿಕೊಂಡಿವೆ. ಘಟಿಕೋತ್ಸವದಲ್ಲಿ ಆಡಬೇಕಾದ ಮಾತು ಮೊದಲೇ ನಿಗದಿಯಾಗಿರುತ್ತದೆ. ಆ ಮಾತನ್ನು ಅಧಿಕಾರವುಳ್ಳವರು ಸಾಕ್ಷಿಗಳ ಎದುರು ಉಚ್ಚರಿಸಿದಾಗ ನಿನ್ನೆಯವರೆಗೆ ವಿದ್ಯಾರ್ಥಿಯಾಗಿದ್ದವರು ಪದವೀಧರರಾಗುತ್ತಾರೆ. ಉಪನ್ಯಾಸದಲ್ಲಿ ಯಾವುದೂ ಮೊದಲೇ ನಿಗದಿಯಾಗಿರಬಾರದು. ಅಲ್ಲಿ ಒಬ್ಬರು ತಮ್ಮ ವಿಚಾರವನ್ನು ಮುಂದಿಡುತ್ತಾರೆ, ಕೇಳಿದವರು ಅದನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು. ನನ್ನ ಅನುಭವದಲ್ಲಿ, ಈ ಕಾರ್ಯಕ್ರಮಗಳ ಬಗ್ಗೆ ಕೇಳಿಬರುವ ದೂರುಗಳ ಬಹುಪಾಲು ಹುಟ್ಟುವುದು ಇವೆರಡನ್ನೂ ಬೆರೆಸಿದಾಗ. ಘಟಿಕೋತ್ಸವದೊಳಗೆ ಉಪನ್ಯಾಸ ನುಗ್ಗಿದರೆ, ದೂರದಿಂದ ಬಂದ ತಂದೆತಾಯಿಗಳು ತಮ್ಮ ಮಗುವಿನ ಹೆಸರಿಗಾಗಿ ಭಾಷಣಗಳ ನಡುವೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಉಪನ್ಯಾಸದೊಳಗೆ ಸಮಾರಂಭ ನುಗ್ಗಿದರೆ ಸ್ವಾಗತ, ಪರಿಚಯ, ಪ್ರಾಸ್ತಾವಿಕ ನುಡಿ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆಗಳೇ ಹೊತ್ತನ್ನೆಲ್ಲ ನುಂಗಿ, ಸಭಿಕರ ಪ್ರಶ್ನೆಗೆ ಸಮಯವೇ ಉಳಿಯುವುದಿಲ್ಲ.

ಮೂಲದಲ್ಲಿ ಇವೆರಡೂ ಒಂದೇ ವಿಧಿಯ ಭಾಗಗಳಾಗಿದ್ದವು ಎಂಬುದನ್ನೂ ಹೇಳಬೇಕು. ಬೋಧಿಸುವ ಪರವಾನಗಿಯನ್ನು ಆರ್ಚ್‌ಡೀಕನ್ ಎಂಬ ಚರ್ಚಿನ ಅಧಿಕಾರಿಯ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದೆಂದು ಪೋಪ್ ಮೂರನೆಯ ಹೊನೋರಿಯಸ್ 1219ರಲ್ಲಿ ಇಟಲಿಯ ವಿಶ್ವವಿದ್ಯಾಲಯದ ಊರಾದ ಬೊಲೋನ್ಯಕ್ಕೆ ಕಟ್ಟಳೆ ಮಾಡಿದರು. ಮಧ್ಯಯುಗದ ಆ ವಿಶ್ವವಿದ್ಯಾಲಯಗಳಲ್ಲಿ ಅಭ್ಯರ್ಥಿಯು ವಿದ್ವಾಂಸರ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಎಲ್ಲರೆದುರು ಪಾಠ ಹೇಳಬೇಕಿತ್ತು, ಎದುರಾದ ಆಕ್ಷೇಪಗಳಿಗೆ ಉತ್ತರಿಸಬೇಕಿತ್ತು. ಆನಂತರವೇ ಪುಸ್ತಕ, ಉಂಗುರ, ಟೋಪಿಗಳು ಅವನ ಕೈಸೇರುತ್ತಿದ್ದವು. ಮೊದಲು ಎಲ್ಲರೆದುರು ಅರ್ಹತೆಯನ್ನು ತೋರಿಸುವುದು, ಆಮೇಲೆ ಅದರ ಗುರುತನ್ನು ಪಡೆಯುವುದು ಎಂಬ ಕ್ರಮ ಅಲ್ಲಿ ಸ್ಪಷ್ಟವಾಗಿತ್ತು. ಕಾಲಕ್ರಮದಲ್ಲಿ ಪರೀಕ್ಷೆಗಳು ಬರವಣಿಗೆಗೆ ತಿರುಗಿ, ಪದವಿ ಪಡೆಯುವವರ ಸಂಖ್ಯೆ ಬೆಳೆದು, ಅರ್ಹತೆಯ ಪರೀಕ್ಷೆ ಒಂದೆಡೆ, ಗುರುತು ಕೊಡುವ ವಿಧಿ ಇನ್ನೊಂದೆಡೆ ಎಂದು ಬೇರ್ಪಟ್ಟವು.

ಹಳೆಯ ಕ್ರಮವನ್ನು ಇಂದಿಗೂ ಕಣ್ಣಾರೆ ನೋಡಬೇಕೆಂದರೆ ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳ ಡಾಕ್ಟರೇಟ್ ಸಭೆಗೆ ಹೋಗಬೇಕು. ಯಾರು ಬೇಕಾದರೂ ಒಳಗೆ ಬಂದು ಕೂರಬಹುದಾದ ಸಭಾಂಗಣದಲ್ಲಿ ಅಭ್ಯರ್ಥಿ ನಿಂತು, ನಿಲುವಂಗಿ ತೊಟ್ಟ ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಹಾಕುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುತ್ತಾರೆ. ಗೊತ್ತುಪಡಿಸಿದ ಅವಧಿ ಮುಗಿದೊಡನೆ ಪೆಡೆಲ್ ಎಂಬ ಅಧಿಕಾರಿ ಕೈಯಲ್ಲಿ ದಂಡ ಹಿಡಿದು ಒಳಬಂದು, ಹೊತ್ತಾಯಿತೆಂದು ಲ್ಯಾಟಿನ್‌ನಲ್ಲಿ ‘ಹೋರಾ ಎಸ್ಟ್’ ಎಂದು ಸಾರುತ್ತಾರೆ. ಪ್ರಶ್ನೆ ಎಷ್ಟೇ ತೊಡಕಿನದಾಗಿರಲಿ, ಉತ್ತರ ಅರ್ಧಕ್ಕೇ ನಿಂತಿರಲಿ, ವಾದ ಅಲ್ಲಿಗೆ ಮುಗಿಯಿತು. ಸಮಿತಿ ಎದ್ದುಹೋಗಿ ಸಮಾಲೋಚಿಸಿ ಮರಳಿದ ಮೇಲೆ ಪದವಿ ಪ್ರದಾನ. ಆ ದಂಡಕ್ಕೂ ನಿಲುವಂಗಿಗೂ ಅಲ್ಲಿ ಖಚಿತವಾದ ಕೆಲಸವಿದೆ: ಈ ಹೊತ್ತಿನಲ್ಲಿ ಮಾತಾಡುತ್ತಿರುವುದು ವ್ಯಕ್ತಿಗಳಲ್ಲ, ಒಂದು ಸಂಸ್ಥೆ ಎಂದು ಅವು ನೋಡುಗರಿಗೆ ತಿಳಿಸುತ್ತವೆ. ಆದ್ದರಿಂದ ಅವು ಆಡಂಬರವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಸಂಸ್ಥೆಯು ಸಂಸ್ಥೆಯಾಗಿ ಮಾತಾಡುವಲ್ಲಿ ಅವು ಇರಲಿ, ವ್ಯಕ್ತಿಯೊಬ್ಬರು ತಮ್ಮ ವಿಚಾರವನ್ನು ತಾವೇ ಹೊತ್ತು ನಿಲ್ಲುವ ಉಪನ್ಯಾಸದಲ್ಲಿ ಬೇಡ.

ಈಗ ಘಟಿಕೋತ್ಸವದ ವಿಷಯಕ್ಕೆ ಬರುತ್ತೇನೆ. ಅದರ ತಿರುಳು ವಿದ್ಯಾರ್ಥಿಯ ಹೆಸರು. ಪದವಿಪತ್ರ ಅಂಚೆಯಲ್ಲೂ ಬಂದೀತು. ಆದರೆ ತನ್ನವರೆಲ್ಲ ಕೇಳುತ್ತಿರುವಾಗ ತನ್ನ ಹೆಸರು ವೇದಿಕೆಯಿಂದ ಕೇಳಿಬರುವುದು ಅಂಚೆಯಲ್ಲಿ ಬರಲಾರದು. ಹೀಗಿದ್ದೂ ಬಹಳಷ್ಟು ಸಮಾರಂಭಗಳಲ್ಲಿ ಅತ್ಯಂತ ಕಡಿಮೆ ಸಿದ್ಧತೆ ನಡೆಯುವುದು ಈ ಹೆಸರುಗಳ ಓದಿಗೆ. ಅತಿಥಿಗಳ ಆಸನ ಕ್ರಮವನ್ನು ಮೂರು ಸಲ ತಿದ್ದುವ ಸಮಿತಿಗಳು ಹೆಸರಿನ ಪಟ್ಟಿಯನ್ನು ಓದುವವರ ಕೈಗೆ ಕೊಡುವುದು ಅಂದಿನ ಬೆಳಿಗ್ಗೆ. ನೀವು ಹಾಗೆ ಮಾಡಬೇಡಿ. ನೋಂದಣಿಯ ವೇಳೆಯಲ್ಲೇ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಹೆಸರನ್ನು ತನ್ನ ದನಿಯಲ್ಲೇ ಹೇಳಿ ಮುದ್ರಿಸಿ ಕಳುಹಿಸುವಂತೆ ಏರ್ಪಾಡು ಮಾಡಿ. ಓದುವವರು ಇಬ್ಬರಿರಲಿ, ಇಬ್ಬರೂ ಆ ಧ್ವನಿಮುದ್ರಿಕೆಗಳನ್ನು ಮುಂಚಿತವಾಗಿ ಕೇಳಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಲಿ. ದೀರ್ಘ, ಹ್ರಸ್ವ, ಒತ್ತಕ್ಷರಗಳಲ್ಲಿ ಸಂದೇಹ ಬರುವ ಹೆಸರುಗಳನ್ನು ಹಿಂದಿನ ದಿನದ ತಾಲೀಮಿನಲ್ಲಿ ಆಯಾ ವಿದ್ಯಾರ್ಥಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಲಿ. ಒಂದು ಹೆಸರಿಗೂ ಮುಂದಿನ ಹೆಸರಿಗೂ ನಡುವೆ, ವೇದಿಕೆ ಏರಿದವರು ಪದವಿಪತ್ರ ಪಡೆದು ಒಂದು ಹೆಜ್ಜೆ ಮುಂದಿಡುವಷ್ಟು ಬಿಡುವಿರಬೇಕು. ಸಂಖ್ಯೆ ದೊಡ್ಡದಾಗಿದ್ದು ಇದಕ್ಕೆ ಸಮಯ ಸಾಲದೆಂದಾದರೆ ಸಮಾರಂಭವನ್ನು ಎರಡು ಹೊತ್ತಿಗೋ ಎರಡು ದಿನಕ್ಕೋ ಹಂಚಿ. ಹೆಸರುಗಳನ್ನು ಬಿಟ್ಟು ‘ಈ ವಿಭಾಗದ ಎಲ್ಲರಿಗೂ’ ಎಂದು ಒಟ್ಟಾಗಿ ಪದವಿ ಘೋಷಿಸುವುದು ಕೊನೆಯ ದಾರಿಯಾಗಿರಲಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಬೇರೊಂದು ಬಾಗಿಲು ತೋರಿಸದೆ ಎಲ್ಲರೂ ಏರುವ ಇಳಿಜಾರಿನಲ್ಲೇ ಅವರೂ ಏರುವಂತೆ ವೇದಿಕೆಯನ್ನು ಕಟ್ಟಿಸಿ. ಮರಣಾನಂತರ ಪದವಿ ಕೊಡುವ ಸಂದರ್ಭ ಬಂದರೆ, ಆ ಹೆಸರನ್ನು ಯಾವ ಕ್ರಮದಲ್ಲಿ ಓದಬೇಕು, ಯಾರು ಬಂದು ಸ್ವೀಕರಿಸುತ್ತಾರೆ ಎಂಬುದನ್ನು ಕುಟುಂಬದವರೊಂದಿಗೆ ಮೊದಲೇ ಮಾತಾಡಿ ತೀರ್ಮಾನಿಸಿ. ಇದನ್ನು ನಿರೂಪಕರ ಸಮಯಸ್ಫೂರ್ತಿಗೆ ಎಂದೂ ಬಿಡಬಾರದು.

ಘಟಿಕೋತ್ಸವ ಭಾಷಣ ಚಿಕ್ಕದಾಗಿರಬೇಕು ಎಂದರೆ ಅತಿಥಿಗಳಿಗೆ ಅಗೌರವವೆಂದು ಕೆಲವರು ಭಾವಿಸುತ್ತಾರೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ 1947ರ ಜೂನ್ 5ರಂದು ಹಾರ್ವರ್ಡ್‌ನಲ್ಲಿ ಆಡಿದ ಮಾತು ಕಾಲು ಗಂಟೆಯನ್ನೂ ದಾಟಲಿಲ್ಲ. ಯುದ್ಧದಿಂದ ಜರ್ಜರಿತವಾದ ಯುರೋಪಿನ ಪುನರ್ನಿರ್ಮಾಣದ ಯೋಜನೆಯ ಬೀಜ ಆ ಭಾಷಣದಲ್ಲೇ ಇತ್ತು. ಅವರು ಗೌರವ ಪದವಿ ಸ್ವೀಕರಿಸಿದ್ದು ಬೆಳಗಿನ ಪದವಿ ಪ್ರದಾನದಲ್ಲಿ, ಭಾಷಣ ಮಾಡಿದ್ದು ಮಧ್ಯಾಹ್ನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಎಂಬುದೂ ಗಮನಿಸಬೇಕಾದ ಸಂಗತಿ. ನೀವೂ ಇದನ್ನು ಅನುಸರಿಸಬಹುದು: ನಾಡಿನ ಮುಖ್ಯ ಚಿಂತಕರೊಬ್ಬರು ಘಟಿಕೋತ್ಸವಕ್ಕೆ ಬರಲು ಒಪ್ಪಿದರೆ, ಪದವೀಧರರಿಗೆ ಹತ್ತು ನಿಮಿಷದ ಮಾತು ಸಮಾರಂಭದಲ್ಲಿ, ವಿಸ್ತಾರವಾದ ಉಪನ್ಯಾಸ ಅದರ ಹಿಂದಿನ ಸಂಜೆ, ಬೇರೆ ಸಭಾಂಗಣದಲ್ಲಿ, ಪ್ರಶ್ನೋತ್ತರದೊಂದಿಗೆ ಎಂದು ಏರ್ಪಡಿಸಿ.

ಗೌರವ ಡಾಕ್ಟರೇಟ್ ಕುರಿತು ನೀವು ಕೇಳಿಲ್ಲವಾದರೂ ಆ ಕಡತ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಅತಿಥಿಯನ್ನು ಒಪ್ಪಿಸಲು ಗೌರವ ಪದವಿಯನ್ನು ಬಳಸುವುದು ಸರಿಯಲ್ಲ. ಅದು ವಿಶ್ವವಿದ್ಯಾಲಯದ ವಿದ್ವತ್ ಸಮುದಾಯದ ಸ್ವಂತ ತೀರ್ಮಾನವಾಗಿರಬೇಕು, ಮತ್ತು ಬೇಡವೆನ್ನುವ ಅಧಿಕಾರ ಆ ಸಮುದಾಯಕ್ಕೆ ನಿಜವಾಗಿಯೂ ಇರಬೇಕು. ಬ್ರಿಟನ್ನಿನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಆಕ್ಸ್‌ಫರ್ಡ್‌ನ ಹಳೆಯ ವಿದ್ಯಾರ್ಥಿನಿಯೇ ಆಗಿದ್ದರೂ, ಅವರ ಸರ್ಕಾರ ಶಿಕ್ಷಣ ಮತ್ತು ಸಂಶೋಧನೆಯ ಅನುದಾನ ಕಡಿತಗೊಳಿಸಿದ್ದನ್ನು ವಿರೋಧಿಸಿ ಅಲ್ಲಿನ ಅಧ್ಯಾಪಕರ ಸಭೆ 1985ರಲ್ಲಿ 738ಕ್ಕೆ 319 ಮತಗಳಿಂದ ಗೌರವ ಪದವಿಯನ್ನು ನಿರಾಕರಿಸಿತು. ಆ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ತೀರ್ಮಾನ ಯಾರದಾಗಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಹೊಸ ಪ್ರಾಧ್ಯಾಪಕರ ಪ್ರಥಮ ಉಪನ್ಯಾಸಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ತಾನು ಏನನ್ನು ಅಧ್ಯಯನ ಮಾಡುತ್ತಿದ್ದೇನೆ, ಅದು ಏಕೆ ಮುಖ್ಯ ಎಂಬುದನ್ನು ತನ್ನ ವಿಷಯದವರಲ್ಲದ ಸಹೋದ್ಯೋಗಿಗಳಿಗೂ ಊರಿನ ಜನರಿಗೂ ತಿಳಿಯುವಂತೆ ಹೇಳಬೇಕಾದ ಸಂದರ್ಭ ಅಧ್ಯಾಪಕರ ಜೀವನದಲ್ಲಿ ಇದೊಂದೇ ಇರಬಹುದು. 1789ರ ಮೇ 26ರಂದು ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಷಿಲ್ಲರ್ ಇತಿಹಾಸದ ಅಧ್ಯಯನ ಏತಕ್ಕೆ ಎಂಬುದನ್ನು ಕುರಿತು ತಮ್ಮ ಮೊದಲ ಉಪನ್ಯಾಸ ಕೊಡಬೇಕಿದ್ದಾಗ ಗೊತ್ತುಮಾಡಿದ್ದ ಕೊಠಡಿ ತುಂಬಿ ಮೆಟ್ಟಿಲವರೆಗೂ ಜನ ನಿಂತರು. ಊರಿನ ಇನ್ನೊಂದು ಭಾಗದಲ್ಲಿದ್ದ ದೊಡ್ಡ ಸಭಾಂಗಣಕ್ಕೆ ಉಪನ್ಯಾಸವನ್ನು ಸ್ಥಳಾಂತರಿಸಿದ್ದೇ ತಡ, ಒಳ್ಳೆಯ ಜಾಗ ಹಿಡಿಯಲು ವಿದ್ಯಾರ್ಥಿಗಳು ಬೀದಿಯುದ್ದಕ್ಕೂ ಓಡಿದರು, ಎಲ್ಲೋ ಬೆಂಕಿ ಬಿದ್ದಿದೆಯೆಂದು ಬೀದಿಯ ಜನ ಗಾಬರಿಯಾದರು. ಷಿಲ್ಲರ್ ಆಗಲೇ ಹೆಸರಾಂತ ನಾಟಕಕಾರರಾಗಿದ್ದರು, ನಿಜ. ಹೆಸರಿಲ್ಲದವರ ಉದಾಹರಣೆ ಬೇಕಾದರೆ ಜರ್ಮನಿಯದೇ ಗೊಟ್ಟಿಂಗೆನ್‌ನ ಗಣಿತಜ್ಞ ರೀಮಾನ್ ಅವರನ್ನು ನೋಡಿ. ಬೋಧಿಸುವ ಅರ್ಹತೆಗಾಗಿ ಅವರು ಮೂರು ವಿಷಯಗಳನ್ನು ಸೂಚಿಸಿದ್ದರು, ಮೊದಲೆರಡರ ಸಿದ್ಧತೆಯೂ ಮುಗಿದಿತ್ತು. ಹಿರಿಯ ಗಣಿತಜ್ಞ ಗೌಸ್ ಆರಿಸಿದ್ದು ಮೂರನೆಯದನ್ನು, ಜ್ಯಾಮಿತಿಯ ಬುನಾದಿಯ ವಿಷಯವನ್ನು. 1854ರ ಜೂನ್ 10ರಂದು ರೀಮಾನ್ ಮಾತಾಡಿದರು. ಎದುರಿಗೆ ಕುಳಿತವರಲ್ಲಿ ಎಲ್ಲರೂ ಗಣಿತಜ್ಞರಲ್ಲವಾದ್ದರಿಂದ ಸೂತ್ರಗಳನ್ನು ಬಹುಮಟ್ಟಿಗೆ ಬಿಟ್ಟು, ಅವಕಾಶ (ಸ್ಪೇಸ್) ಎಂದರೇನು, ದೂರವನ್ನು ಅಳೆಯುವುದು ಎಂದರೇನು ಎಂಬುದನ್ನು ಮಾತಿನಲ್ಲೇ ಬಿಡಿಸಿಟ್ಟರು. ಅದು ಅಚ್ಚಾದದ್ದು 1868ರಲ್ಲಿ, ರೀಮಾನ್ ತೀರಿಕೊಂಡ ಎರಡು ವರ್ಷಗಳ ನಂತರ. ಐನ್‌ಸ್ಟೈನ್ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ನಿಂತದ್ದು ಆ ಜ್ಯಾಮಿತಿಯ ಮೇಲೆ. ಪರಿಣತರಲ್ಲದವರ ಮುಂದೆ ಮಾತಾಡಬೇಕಾದ ಒತ್ತಡ ವಿಚಾರವನ್ನು ತೆಳುವಾಗಿಸುತ್ತದೆ ಎಂದು ಹೇಳುವವರಿಗೆ ಈ ಉಪನ್ಯಾಸವನ್ನು ತೋರಿಸಬಹುದು. ಹೊಸ ಪ್ರಾಧ್ಯಾಪಕರಿಗೆ ನೀವು ಕೊಡಬೇಕಾದ ಸೂಚನೆ ಒಂದೇ: ಬೇರೊಂದು ವಿಭಾಗದ ಅಧ್ಯಾಪಕರೊಬ್ಬರಿಗೆ ಉಪನ್ಯಾಸದ ಕರಡನ್ನು ಮೊದಲು ಓದಿಸಿ ನೋಡಲಿ.

ದತ್ತಿ ಉಪನ್ಯಾಸದ ಭವಿಷ್ಯ ಬಹುಮಟ್ಟಿಗೆ ದತ್ತಿಪತ್ರದಲ್ಲೇ ನಿರ್ಧಾರವಾಗುತ್ತದೆ. ಸ್ಕಾಟ್ಲೆಂಡ್‌ನ ನ್ಯಾಯಾಧೀಶ ಆ್ಯಡಂ ಗಿಫರ್ಡ್ 1887ರಲ್ಲಿ ತೀರಿಕೊಂಡಾಗ, ದೇವರು ಮತ್ತು ನಿಸರ್ಗವನ್ನು ತರ್ಕದಿಂದ ವಿಚಾರಿಸುವ ಉಪನ್ಯಾಸಗಳಿಗಾಗಿ ಎಡಿನ್‌ಬರೊ, ಗ್ಲಾಸ್ಗೊ, ಅಬರ್‌ಡೀನ್ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಗಳಿಗೆ ಹಣ ಬಿಟ್ಟುಹೋದರು. ಉಪನ್ಯಾಸಕರು ಯಾವುದೇ ಮತದವರಾಗಿರಬಹುದು, ಯಾವ ಮತಕ್ಕೂ ಸೇರದವರೂ ಆಗಿರಬಹುದು. ಅವರಿಂದ ಯಾವ ಪ್ರಮಾಣವಚನವನ್ನೂ ಕೇಳಕೂಡದು. ಉಪನ್ಯಾಸಗಳು ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಇಡೀ ಸಮುದಾಯಕ್ಕೆ ತೆರೆದಿರಬೇಕು. ಒಬ್ಬರೇ ಮತ್ತೆ ಮತ್ತೆ ಬರದಂತೆ ಅವಧಿಗೆ ಮಿತಿಯಿರಬೇಕು ಎಂದು ಅವರು ಉಯಿಲಿನಲ್ಲೇ ಬರೆದರು. ಸ್ವತಃ ಶ್ರದ್ಧಾವಂತರಾದ ದಾನಿಯೊಬ್ಬರು ಸಂದೇಹವಾದಿಗೂ ವೇದಿಕೆಯ ಬಾಗಿಲು ತೆರೆದಿಟ್ಟ ಕಾರಣಕ್ಕೇ ಆ ಮಾಲೆ 1888ರಿಂದ ಮೊದಲ್ಗೊಂಡು ಇಂದಿನವರೆಗೂ ಜೀವಂತವಾಗಿದೆ ಎಂದು ನನ್ನ ನಂಬಿಕೆ. ನಿಮ್ಮಲ್ಲಿ ಹೊಸ ದತ್ತಿ ಸ್ಥಾಪನೆಗೆ ಯಾರಾದರೂ ಮುಂದೆ ಬಂದರೆ ಉಪನ್ಯಾಸಕರನ್ನು ಆರಿಸುವ ಹಕ್ಕು ದಾನಿಗೂ ಅವರ ಕುಟುಂಬಕ್ಕೂ ಇರದಂತೆ ಪತ್ರದಲ್ಲೇ ಬರೆಸಿಕೊಳ್ಳಿ. ಹಾಗೆಯೇ ಅಚ್ಚಿನ ವೆಚ್ಚಕ್ಕೂ ಒಂದು ಪಾಲನ್ನು ಗೊತ್ತುಮಾಡಿ. ಇದೇ ಮಾಲೆಯಲ್ಲಿ 1927-28ರಲ್ಲಿ ತತ್ತ್ವಜ್ಞಾನಿ ವೈಟ್‌ಹೆಡ್ ಎಡಿನ್‌ಬರೊದಲ್ಲಿ ಮಾತಾಡಿದಾಗ ವಿಷಯದ ಕಾಠಿಣ್ಯಕ್ಕೆ ಸಭಿಕರು ಬೇಗನೆ ಕರಗಿಹೋದರು. ಆದರೆ 1929ರಲ್ಲಿ ಪುಸ್ತಕವಾಗಿ ಬಂದ ಆ ಉಪನ್ಯಾಸಗಳು ಇಪ್ಪತ್ತನೆಯ ಶತಮಾನದ ತತ್ತ್ವಶಾಸ್ತ್ರದ ಮುಖ್ಯ ಗ್ರಂಥಗಳಲ್ಲೊಂದಾಗಿ ನಿಂತವು. ತುಂಬಿದ ಕುರ್ಚಿಗಳ ಎಣಿಕೆಯಿಂದ ಉಪನ್ಯಾಸದ ಯೋಗ್ಯತೆಯನ್ನು ಅಳೆಯಬಾರದು.

ಇಲ್ಲಿಂದ ನಿಮ್ಮನ್ನು ಬಹುಶಃ ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವ ಸಭಿಕರ ಕೊರತೆಯ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳನ್ನು ಬಲವಂತವಾಗಿ ಕರೆತರುವುದನ್ನು ಈ ವರ್ಷವೇ ನಿಲ್ಲಿಸಿ. ಹಾಜರಿಗಾಗಿ ಮುನ್ನೂರು ಜನರನ್ನು ಕೂರಿಸುವುದು ಉಪನ್ಯಾಸಕರಿಗೂ ಅನ್ಯಾಯ, ತಮ್ಮ ತರಗತಿ ಕಳೆದುಕೊಂಡ ಆ ವಿದ್ಯಾರ್ಥಿಗಳಿಗೂ ಅನ್ಯಾಯ. ಉಪನ್ಯಾಸವೆಂದರೆ ಸಹಿಸಿಕೊಳ್ಳಬೇಕಾದ ವಸ್ತು ಎಂಬ ಪಾಠವೊಂದೇ ಅವರಿಗೆ ಸಿಗುತ್ತದೆ. ತಾವಾಗಿ ಬಂದ ನಲವತ್ತು ಜನರಿಂದ ಆರಂಭಿಸಿ. ಆ ನಲವತ್ತನ್ನು ಬೆಳೆಸುವ ದಾರಿ ಕೇಂಬ್ರಿಜ್‌ನ ಅಧ್ಯಾಪಕ ಜೇಮ್ಸ್ ಸ್ಟುವರ್ಟ್ ಅವರ ಅನುಭವದಲ್ಲಿದೆ. 1867ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ನಗರಗಳಲ್ಲಿ, ವಿಶ್ವವಿದ್ಯಾಲಯದ ಪ್ರವೇಶವಿಲ್ಲದ ಮಹಿಳೆಯರಿಗಾಗಿ ಅವರು ಖಗೋಳಶಾಸ್ತ್ರದ ಉಪನ್ಯಾಸಗಳನ್ನು ಕೊಡತೊಡಗಿದರು. ಯುವಕನೊಬ್ಬ ಮಹಿಳೆಯರಿಗೆ ಎದುರೆದುರೇ ಪ್ರಶ್ನೆ ಕೇಳುವುದು ಅಂದಿನ ಕಾಲಕ್ಕೆ ಸರಿಕಾಣದೆ, ಅವರು ಪ್ರಶ್ನೆಗಳನ್ನು ಬರೆದು ಹಂಚಿ ಬರಹದಲ್ಲೇ ಉತ್ತರ ಪಡೆದರು. ಬಂದ ಉತ್ತರಗಳ ರಾಶಿ ಅವರ ನಿರೀಕ್ಷೆಯನ್ನೇ ಮೀರಿತು. ಆಮೇಲೆ ರೋಚ್‌ಡೇಲ್‌ನಲ್ಲಿ ಸಹಕಾರಿ ಸಂಘದ ಕಾರ್ಮಿಕರಿಗೆ ಉಪನ್ಯಾಸ ಕೊಡುತ್ತಿದ್ದಾಗ, ಒಂದು ದಿನ ಬೇಗ ಹೊರಡಬೇಕಾಗಿ ಬಂದು, ಗೋಡೆಗೆ ತೂಗುಹಾಕಿದ್ದ ಚಿತ್ರಪಟಗಳನ್ನು ಮುಂದಿನ ವಾರದವರೆಗೆ ಅಲ್ಲೇ ಬಿಡುವಂತೆ ಸಭಾಂಗಣದ ಕಾವಲುಗಾರರನ್ನು ಕೇಳಿಕೊಂಡರು. ಮರುವಾರ ಬಂದಾಗ ಕಾವಲುಗಾರರು ಹೇಳಿದ್ದು: ನೀವು ಪಟಗಳನ್ನು ಬಿಟ್ಟುಹೋದದ್ದು ಬಹಳ ಒಳ್ಳೆಯದಾಯಿತು, ಸಂಘದ ಸಭೆಗೆ ಬಂದವರು ಅವನ್ನು ನೋಡಿ ತಮ್ಮತಮ್ಮಲ್ಲೇ ಚರ್ಚಿಸಿದರು, ನಿಮ್ಮನ್ನು ಕೇಳಬೇಕಾದ ಪ್ರಶ್ನೆಗಳಿವೆಯಂತೆ, ಇಂದು ಉಪನ್ಯಾಸಕ್ಕೆ ಮುಂಚೆಯೇ ಬರುತ್ತಾರೆ. ಉಪನ್ಯಾಸದ ಜೊತೆಗೆ ಚರ್ಚೆಯ ತರಗತಿಯೊಂದನ್ನು ಸೇರಿಸುವ ಪದ್ಧತಿ ಹೀಗೆ ರೂಪುಗೊಂಡಿತು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅದನ್ನು ತನ್ನ ಕಾರ್ಯಕ್ರಮವಾಗಿಯೇ ಕೈಗೆತ್ತಿಕೊಂಡು ನಾಟಿಂಗ್‌ಹ್ಯಾಮ್, ಡರ್ಬಿ, ಲೆಸ್ಟರ್ ನಗರಗಳಿಂದ ಶುರುಮಾಡಿತು.

ಇದರಿಂದ ನಾನು ಕಲಿತದ್ದೇನೆಂದರೆ, ಉಪನ್ಯಾಸಕ್ಕೆ ಮೊದಲು ಮತ್ತು ನಂತರ ಕೇಳುಗರ ಕೈಯಲ್ಲಿ ಏನಾದರೊಂದು ಇರಬೇಕು. ಒಂದು ವಾರ ಮುಂಚೆ ಎರಡು ಪುಟದ ಸಾರಾಂಶವನ್ನು ಗ್ರಂಥಾಲಯದಲ್ಲೂ ವಿಭಾಗಗಳ ಫಲಕಗಳಲ್ಲೂ ಹಾಕಿಸಿ; ಅದರಲ್ಲಿ ಉಪನ್ಯಾಸಕರು ತಮಗೇ ಇನ್ನೂ ಬಗೆಹರಿಯದ ಒಂದು ಪ್ರಶ್ನೆಯನ್ನು ಬರೆದಿರಲಿ. ಉಪನ್ಯಾಸದ ನಕ್ಷೆ, ಚಿತ್ರ, ದಾಖಲೆಗಳನ್ನು ಮರುದಿನವೂ ಅಲ್ಲೇ ಬಿಡಿ. ಮೂರು ನಾಲ್ಕು ದಿನಗಳ ನಂತರ ಸಣ್ಣ ಕೋಣೆಯಲ್ಲಿ, ಸಾಧ್ಯವಾದರೆ ಉಪನ್ಯಾಸಕರ ಸಮ್ಮುಖದಲ್ಲಿ, ಆಸಕ್ತರು ಮತ್ತೆ ಸೇರಲಿ.

ಉಪನ್ಯಾಸದ ದಿನದ ನಡಾವಳಿಗೆ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್‌ನ ಶುಕ್ರವಾರ ಸಂಜೆಯ ಉಪನ್ಯಾಸಗಳು ಒಳ್ಳೆಯ ಮಾದರಿ. ವಿಜ್ಞಾನಿ ಫ್ಯಾರಡೆ ಆರಂಭಿಸಿದ ಈ ಮಾಲೆಯ ಸಂಪ್ರದಾಯದಂತೆ ಗಡಿಯಾರ ಗಂಟೆ ಹೊಡೆಯುತ್ತಿದ್ದಂತೆ ಉಪನ್ಯಾಸಕರು ಒಳಬಂದು ಯಾವ ಪೀಠಿಕೆಯೂ ಇಲ್ಲದೆ ನೇರ ವಿಷಯಕ್ಕೆ ಇಳಿಯುತ್ತಾರೆ, ಸರಿಯಾಗಿ ಒಂದು ಗಂಟೆಯ ಅವಧಿಯಲ್ಲಿ ಮುಗಿಸುತ್ತಾರೆ. ನಿಮ್ಮಲ್ಲಿ ಇಷ್ಟು ಕಟ್ಟುನಿಟ್ಟು ಸಾಧ್ಯವಾಗದಿದ್ದರೂ ಪರಿಚಯವನ್ನು ಆಹ್ವಾನಪತ್ರಿಕೆಯಲ್ಲೇ ಅಚ್ಚುಹಾಕಿಸಿ, ವೇದಿಕೆಯಲ್ಲಿ ಎರಡು ನಿಮಿಷಕ್ಕೆ ಮಿತಿಗೊಳಿಸಬಹುದು. ಅಧ್ಯಕ್ಷರ ಕೆಲಸ ಪ್ರಶ್ನೋತ್ತರವನ್ನು ನಡೆಸುವುದು. ಉಪನ್ಯಾಸಕರು ಆಗಲೇ ಹೇಳಿದ್ದನ್ನು ಮತ್ತೊಮ್ಮೆ ಸಂಗ್ರಹಿಸಿ ಹೇಳುವುದಲ್ಲ. ಉಪನ್ಯಾಸ ನಲವತ್ತೈದು ನಿಮಿಷವಾದರೆ ಪ್ರಶ್ನೆಗಳಿಗೆ ಕನಿಷ್ಠ ಅರ್ಧ ಗಂಟೆ ಮೀಸಲಿಡಿ, ಮತ್ತು ಮೊದಲ ಪ್ರಶ್ನೆಯನ್ನು ವಿದ್ಯಾರ್ಥಿಯೊಬ್ಬರಿಗೆ ಬಿಡಿ. ಹಿರಿಯರು ಮೊದಲು ಮಾತಾಡಿದ ಸಭೆಯಲ್ಲಿ ಕಿರಿಯರು ಬಾಯಿ ತೆರೆಯುವುದು ಅಪರೂಪ. ಭಿನ್ನಾಭಿಪ್ರಾಯಕ್ಕೆ ಹೆದರಬೇಡಿ. ವಿಜ್ಞಾನದವರಿಗೂ ಸಾಹಿತ್ಯದವರಿಗೂ ನಡುವೆ ಬೆಳೆದ ಕಂದಕದ ಬಗ್ಗೆ ವಿಜ್ಞಾನಿಯೂ ಕಾದಂಬರಿಕಾರರೂ ಆದ ಸಿ.ಪಿ. ಸ್ನೋ 1959ರ ಮೇ 7ರಂದು ಕೇಂಬ್ರಿಜ್‌ನ ರೀಡ್ ದತ್ತಿ ಉಪನ್ಯಾಸದಲ್ಲಿ ಮಾತಾಡಿದರು. ಅದೇ ಕೇಂಬ್ರಿಜ್‌ನ ಡೌನಿಂಗ್ ಕಾಲೇಜಿನಲ್ಲಿ ವಿಮರ್ಶಕ ಎಫ್.ಆರ್. ಲೀವಿಸ್ 1962ರಲ್ಲಿ ಇನ್ನೊಂದು ದತ್ತಿ ಉಪನ್ಯಾಸವನ್ನೇ ಬಳಸಿಕೊಂಡು ಅದನ್ನು ಬಹಳ ಕಟುವಾಗಿ ಖಂಡಿಸಿದರು. ಆ ಮಾತಿನ ಧಾಟಿ ನನಗೆ ಒಪ್ಪಿಗೆಯಿಲ್ಲ, ಆದರೆ ಉಪನ್ಯಾಸಕ್ಕೆ ಉಪನ್ಯಾಸದಿಂದಲೇ ಉತ್ತರ ಬಂದದ್ದರಿಂದ ಆ ಚರ್ಚೆ ಎರಡೂ ಸಭಾಂಗಣಗಳನ್ನು ದಾಟಿ ಬಹುದೂರ ಹೋಯಿತು.

ಅಂತರ್ಜಾಲದಲ್ಲಿ ಎಲ್ಲವೂ ಸಿಗುವಾಗ ಇವು ಬೇಕೇ ಎಂಬ ಮೊದಲ ಪ್ರಶ್ನೆಗೆ ಈಗ ಉತ್ತರಿಸುವುದು ಸುಲಭ. ಧ್ವನಿ, ದೃಶ್ಯಗಳಲ್ಲಿ ಮುದ್ರಿಸಿಟ್ಟ ಉಪನ್ಯಾಸವನ್ನು ಆಲಿಸಬಹುದು, ಅದನ್ನು ತಡೆದು ‘ಇದು ಹೇಗೆ?’ ಎಂದು ಕೇಳಲಾಗದು. ನಿಮ್ಮ ಕಾರ್ಯಕ್ರಮದಲ್ಲಿ ಪ್ರಶ್ನೆಗೆ ಅವಕಾಶವೇ ಇಲ್ಲದಿದ್ದರೆ ಅದಕ್ಕೂ ಮುದ್ರಿಕೆಗೂ ವ್ಯತ್ಯಾಸವಿಲ್ಲ, ಜನ ಮನೆಯಲ್ಲೇ ಉಳಿಯುವುದು ನ್ಯಾಯವೇ. ಹಾಗೆಂದು ಈ ಧ್ವನಿ, ದೃಶ್ಯ ಮುದ್ರಣವನ್ನು ಬಿಡಬೇಡಿ. ದೂರದಲ್ಲಿರುವವರಿಗೆ, ಅನಾರೋಗ್ಯದಿಂದ ಬರಲಾಗದವರಿಗೆ, ಕಿವಿ ಕೇಳಿಸದೆ ಅಕ್ಷರದಲ್ಲಿ ಓದಬೇಕಾದವರಿಗೆ ಅದು ಬೇಕು. ಉಪನ್ಯಾಸಕರ ಲಿಖಿತ ಒಪ್ಪಿಗೆ ಪಡೆಯಿರಿ. ಪ್ರಶ್ನೆ ಕೇಳುವವರ ಮುಖ ಅಥವಾ ದನಿ ಮುದ್ರಣದಲ್ಲಿ ಬರುತ್ತದೆಯೇ ಎಂಬುದನ್ನು ಸಭೆಯ ಆರಂಭದಲ್ಲೇ ಹೇಳಿಬಿಡಿ. ಹಿಂಜರಿಯುವವರಿಗಾಗಿ ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡುವ ಏರ್ಪಾಡೂ ಇರಲಿ.

ಮೊದಲ ವರ್ಷಕ್ಕೆ ಮೂರು ಉಪನ್ಯಾಸಗಳು ಸಾಕು. ಹತ್ತನ್ನು ಘೋಷಿಸಿ ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಮೂರನ್ನು ಹೇಳಿದ ದಿನ, ಹೇಳಿದ ಹೊತ್ತಿಗೆ ನಡೆಸುವುದು ಮೇಲು. ಉಪನ್ಯಾಸದ ಪಠ್ಯವನ್ನು ಉಪನ್ಯಾಸಕರಿಂದ ಅಂದೇ ಪಡೆದು, ಸಮಯ ಸಾಲದೆ ಉಳಿದುಹೋದ ಪ್ರಶ್ನೆಗಳಿಗೆ ಅವರು ಬರೆದುಕೊಟ್ಟ ಉತ್ತರಗಳನ್ನೂ ಕೊನೆಗೆ ಸೇರಿಸಿ ಕಿರುಹೊತ್ತಿಗೆಯಾಗಿ ತನ್ನಿ. ಅದರ ಮೊದಲ ಪ್ರತಿಗಳು ಆ ಪ್ರಶ್ನೆಗಳನ್ನು ಕೇಳಿದವರಿಗೆ ಹೋಗಲಿ.